ನಮ್ಮವ್ವನ ಮೂಗು ಮತ್ತು ಕ್ಯಾನೋಲಾ ಎಣ್ಣೆ

ಖಾಲಿ ಬಾಟಲಿ ಎಸೆಯುವುದಕ್ಕೆ ನನಗೆ ಕೈ ಬರುವುದಿಲ್ಲ. ನನ್ನ ಹೆಂಡತಿ ಗಿರಿಜಾ ಇದನ್ನು ರೋಗ ಎನ್ನುತ್ತಾಳೆ. ನಾನು ಮುಂದಾಲೋಚನೆ ಎನ್ನುತ್ತೇನೆ. ಮೊನ್ನೆ ಭಾನುವಾರ ಅಡುಗೆಮನೆಯ ಅಟ್ಟ ಸ್ವಚ್ಛ ಮಾಡಲು ಏಣಿ ಹತ್ತಿದಾಗ ನನ್ನ ಮುಂದಾಲೋಚನೆಯ ದೊಡ್ಡ ದಂಡೇ ಅಲ್ಲಿ ಕೂತಿತ್ತು. ಅದರಲ್ಲಿ ಒಂದರ ಮೈಮೇಲೆ ಹಳದಿ ಹೂವಿನ ಹೊಲದ ಚಿತ್ರ. ಕಣ್ಣು ಹಾಯುವಷ್ಟು ದೂರ ಹೂವೇ ಹೂವು, ಅದರ ಮೇಲೆ ತೊಳೆದಿಟ್ಟಂಥ ಆಕಾಶ. ನಮ್ಮ ಬಳ್ಳಾರಿ ಸೀಮೆಯಲ್ಲಿ ಆಕಾಶ ಅಷ್ಟು ಸ್ವಚ್ಛ ಇರುವುದೂ ಇಲ್ಲ, ಅಂಥ ಹೊಲವನ್ನು ನಾವು ಯಾರೂ ಕಂಡಿದ್ದೂ ಇಲ್ಲ. ನಮ್ಮ ಮನೆಗೆ ಬಂದ ಮೊದಲನೇ ಕ್ಯಾನೋಲಾ ಎಣ್ಣೆಯ ಬಾಟಲಿ ಅದು. ಏಣಿಯ ಮೇಲೆಯೇ ಅದನ್ನು ಹಿಡಿದುಕೊಂಡು ನಿಂತುಬಿಟ್ಟೆ.

"ಅಟ್ಟ ಗುಡಸಾಕ ಹತ್ತೀರೋ, ತಪಸ್ಸು ಮಾಡಾಕ ಹತ್ತೀರೋ?" ಎಂದು ಕೆಳಗಿನಿಂದ ಗಿರಿಜಾ ಕೂಗಿದಳು.

ಆ ಒಂದು ಲೀಟರ್ ಎಣ್ಣೆ ನಮ್ಮ ಮನೆಯಲ್ಲಿ ಎಬ್ಬಿಸಿದ ಗದ್ದಲ ನನಗೆ ನೆನಪಾಗಿತ್ತು.

ಆಗ ನಮ್ಮವ್ವನಿಗೆ ಕಣ್ಣು ಹೋಗಿ ನಾಲ್ಕು ವರ್ಷ ಆಗಿತ್ತು. ಪೂರ್ತಿ ಕತ್ತಲೆಯಲ್ಲ, ಬಾಗಿಲಲ್ಲಿ ಯಾರಾದರೂ ನಿಂತರೆ ಬೆಳಕಿಗೆ ಅಡ್ಡ ಬಂದದ್ದು ತಿಳಿಯುತ್ತಿತ್ತು, ಅಷ್ಟೇ. ಕಣ್ಣಿನ ನರ ಒಣಗಿದೆ, ಇನ್ನು ಏನೂ ಮಾಡಲಿಕ್ಕಾಗದು ಎಂದು ಡಾಕ್ಟರು ಹೇಳಿದ ದಿನ ನಾನೂ ಗಿರಿಜಾಳೂ ಆಟೋದಲ್ಲಿ ಬಾಯಿ ಬಿಡದೆ ಕೂತಿದ್ದೆವು. ಅವ್ವನೇ ಮೊದಲು ಮಾತಾಡಿದ್ದು: "ಮನ್ಯಾಗ ಕೊತ್ತಂಬ್ರಿ ಐತೇನಲೇ?" ಸತ್ಯನಾರಾಯಣಪೇಟೆಯ ನಮ್ಮ ಮನೆಗೆ ಬಂದವಳು ಸಾರಿಗೆ ಒಗ್ಗರಣೆ ಹಾಕಿದ ಮೇಲೆಯೇ ಸೀರೆ ಬದಲಿಸಿದಳು.

ಅಂದಿನಿಂದ ಹೆಚ್ಚುವುದು, ಕುಕ್ಕರು ಇಳಿಸುವುದು ಗಿರಿಜಾಳ ಪಾಲಿಗೆ ಬಂತು. ಒಗ್ಗರಣೆ ಮಾತ್ರ ಅವ್ವ ಬಿಟ್ಟುಕೊಡಲಿಲ್ಲ. ಒಲೆಯಿಂದ ಒಂದು ಗೇಣು ಬಲಕ್ಕೆ ಉಪ್ಪು, ಎರಡು ಗೇಣಿಗೆ ಒಗ್ಗರಣೆ ಡಬ್ಬಿ. ಉರಿ ಎಷ್ಟಿದೆಯೆಂಬುದು ಗ್ಯಾಸಿನ ಸದ್ದಿನಿಂದ ತಿಳಿಯುತ್ತಿತ್ತು. ಸಾಸಿವೆ ಸಿಡಿದು ಮುಗಿದದ್ದು ಕಿವಿಗೆ, ಬೆಳ್ಳುಳ್ಳಿ ಕೆಂಪಾದದ್ದು ಮೂಗಿಗೆ. ಇವೆಲ್ಲಕ್ಕೂ ಮೊದಲು ಎಣ್ಣೆ. ಗಾಣದ ಶೇಂಗಾ ಎಣ್ಣೆ ಬಾಣಲೆಗೆ ಬಿದ್ದಾಗ ಹಸಿ ಕಾಳಿನ ವಾಸನೆ ಬರುತ್ತದೆ. ಸ್ವಲ್ಪ ಕಾದರೆ ಆ ಹಸಿತನ ಹೋಗುತ್ತದೆ. ಇನ್ನೂ ಕಾದರೆ ಇಡೀ ಮನೆಗೆ ಹಬ್ಬದ ವಾಸನೆ. ಆ ಗಳಿಗೆಗೆ ಅವ್ವ ಸಾಸಿವೆ ಹಾಕುವಳು, ಒಂದು ಕ್ಷಣ ಮೊದಲಲ್ಲ, ಒಂದು ಕ್ಷಣ ತಡವಲ್ಲ. ನೋಡಿದವರು ಇವಳಿಗೆ ಕಣ್ಣಿಲ್ಲವೆಂದರೆ ನಂಬುತ್ತಿರಲಿಲ್ಲ. ಅತ್ತೆ-ಸೊಸೆಯದು ಎಣ್ಣೆ-ಸೀಗೆಕಾಯಿ ಸಂಬಂಧವೆಂದು ಊರು ಹೇಳುತ್ತದೆ. ನಮ್ಮ ಮನೆಯಲ್ಲಿ ಮಾತ್ರ ಒಂದು ಅಡುಗೆಗೆ ಎರಡು ಕಣ್ಣು ಸೊಸೆಯವು, ಒಂದು ಮೂಗು ಅತ್ತೆಯದು ಎಂಬಂತೆ ಸಂಸಾರ ನಡೆದಿತ್ತು.

ಆ ಮೂಗು ಸುಮ್ಮನೆ ತಯಾರಾದದ್ದಲ್ಲ. ಅವ್ವನ ತವರು ಕುರುಗೋಡು. ಗುಡ್ಡದ ಬುಡದಲ್ಲಿ ಮಳೆ ನಂಬಿದ ಅಜ್ಜನ ಖುಷ್ಕಿ ಹೊಲ, ಅದರ ತುಂಬ ಶೇಂಗಾ. ಮದುವೆಯಾಗಿ ಬಂದದ್ದು ಸಿರುಗುಪ್ಪಕ್ಕೆ. ಅಲ್ಲಿ ಅಪ್ಪ ಅಕ್ಕಿ ಗಿರಣಿಯಲ್ಲಿ ಫಿಟ್ಟರು. ಸಿರುಗುಪ್ಪದಲ್ಲಿ ಹೊಳೆ ಇತ್ತು, ಕಾಲುವೆ ಇತ್ತು, ಎತ್ತ ನೋಡಿದರೂ ಭತ್ತ ಇತ್ತು, ಆದರೆ ಅವ್ವನ ಲೆಕ್ಕದಲ್ಲಿ ಎಣ್ಣೆ ಇರಲಿಲ್ಲ. ಅಂಗಡಿಯಲ್ಲಿ ಸಿಗುತ್ತಿದ್ದದ್ದನ್ನು ಅವಳು ಎಣ್ಣೆ ಎಂದು ಕರೆಯಲು ಸಿದ್ಧಳಿರಲಿಲ್ಲ. ವರ್ಷಕ್ಕೊಮ್ಮೆ ನಮ್ಮನ್ನು ಕಟ್ಟಿಕೊಂಡು ತವರಿಗೆ ಹೋಗಿ, ಗಾಣದ ಮುಂದೆ ಕೂತು, ತನ್ನ ಕಣ್ಣೆದುರು ಆಡಿಸಿದ ಎಣ್ಣೆಯನ್ನೇ ತರುತ್ತಿದ್ದಳು. ಗಾಣದ ಎತ್ತು ಸುತ್ತುತ್ತಿದ್ದರೆ ನನಗೆ ನಿದ್ದೆ ಎಳೆಯುವುದು. ಎಚ್ಚರವಾಗುತ್ತಿದ್ದದ್ದು ಹಿಂಡಿಯ ವಾಸನೆಗೆ. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ ದನಕ್ಕೆಂದು ಎಲ್ಲರಿಗೂ ಗೊತ್ತು. ಬಿಸಿ ಹಿಂಡಿಗೆ ಬೆಲ್ಲ ಕಚ್ಚಿಕೊಂಡು ತಿಂದವರಿಗೆ ಮಾತ್ರ ದನಗಳ ಮೇಲೆ ಹೊಟ್ಟೆಕಿಚ್ಚು ಯಾಕೆ ಬರುತ್ತದೆಂದು ಗೊತ್ತು. ಒಮ್ಮೆ ನಾನು ಅಳತೆ ಮೀರಿ ತಿಂದು ಎರಡು ದಿನ ಹೊಟ್ಟೆ ಹಿಡಿದುಕೊಂಡು ಮಲಗಿದ್ದೆ. ಆಗ ಅಜ್ಜ, "ಎತ್ತಿಗೆ ಹಾಕಿದ್ರ ಉಳುಮಿ ಆದ್ರೂ ಆಗ್ತಿತ್ತು" ಎಂದು ಮರುಗಿದ್ದ, ನನಗಾಗಿ ಅಲ್ಲ, ಹಿಂಡಿಗಾಗಿ.

ಹೀಗೆ ಎಣ್ಣೆಯಲ್ಲೇ ಬೆಳೆದವನು ನಾನು. ಹೊಟ್ಟೆಪಾಡೂ ಎಣ್ಣೆಯದೇ. ಕೌಲ್ ಬಜಾರಿನಲ್ಲಿ ನನ್ನದೊಂದು ಹೊಲಿಗೆ ಮಷಿನ್ ರಿಪೇರಿ ಅಂಗಡಿ ಇದೆ. ಜೀನ್ಸ್ ಹೊಲಿಯುವವರು ಮಷಿನು ತಂದಿಟ್ಟರೆ ನಾನು ಮೊದಲು ಕೊಡುವುದು ಬೈಗುಳ: "ಮಷಿನಿಗೆ ಎರಡು ಹನಿ ಸಾಕ್ರಪಾ, ಸ್ನಾನ ಮಾಡಸಬ್ಯಾಡ್ರಿ. ಹೆಚ್ಚಾದ್ರ ಒಳಗ ಜಿಡ್ಡು ಕಟ್ಟತೈತಿ." ಮೂವತ್ತು ವರ್ಷ ಈ ಉಪದೇಶ ಮಾಡಿದೆ. ಮಧ್ಯಾಹ್ನ ಮನೆಗೆ ಬಂದು, ಎಣ್ಣೆಯಲ್ಲಿ ತೇಲುವ ಬದನೆಕಾಯಿಯನ್ನು ರೊಟ್ಟಿಯ ದೋಣಿಯಲ್ಲಿ ದಡ ಸೇರಿಸುತ್ತಿದ್ದೆ. ಕೊನೆಗೆ ಎದೆಯೊಳಗೇ ಜಿಡ್ಡು ಕಟ್ಟಿತು. ಆಸ್ಪತ್ರೆಯಲ್ಲಿ ಸ್ಟೆಂಟು ಹಾಕಿದರು. ಸಾವಿರ ಮಷಿನಿಗೆ ಸ್ಪ್ರಿಂಗು ಹಾಕಿದವನಿಗೆ ಕಡೆಗೆ ಇನ್ನೊಬ್ಬರು ಸ್ಪ್ರಿಂಗು ಹಾಕಿದರು ಎಂದು ಅಂಗಡಿಯ ಸುತ್ತಲಿನವರು ನಕ್ಕರು. ನಾನೂ ನಕ್ಕೆ, ಮೆಲ್ಲಗೆ, ಎದೆ ಹಿಡಿದುಕೊಂಡು.

ಆಸ್ಪತ್ರೆಯಿಂದ ಬಿಡುವ ದಿನ ಊಟದ ಪಥ್ಯ ಹೇಳುವ ಹುಡುಗಿಯೊಬ್ಬಳು ಬಂದಳು.

"ಅಂಕಲ್, ಮನ್ಯಾಗ ಅಡಗಿಗೆ ಯಾವ ಎಣ್ಣಿ?"

"ಶೇಂಗಾದ್ದಮ್ಮಾ. ಗಾಣದ್ದು."

"ಎಷ್ಟು ಹಾಕ್ತೀರಿ?"

ನಾನು ಗಿರಿಜಾಳನ್ನು ನೋಡಿದೆ. ಗಿರಿಜಾ ನೆಲವನ್ನು ನೋಡಿದಳು. "ಕಣ್ಣಳತಿರಿ," ಎಂದೆ. ಯಾರ ಕಣ್ಣು ಎಂದು ಹೇಳಲಿಲ್ಲ.

ಆ ಹುಡುಗಿ ತಾಳ್ಮೆಯಿಂದ ತಿಳಿಸಿದಳು. ಶೇಂಗಾ ಎಣ್ಣೆ ವೈರಿಯೇನಲ್ಲ. ಆದರೆ ನಿಮ್ಮ ಎದೆಯ ಸ್ಥಿತಿಗೆ ಕ್ಯಾನೋಲಾ ಒಳ್ಳೆಯದು. ರಕ್ತನಾಳದಲ್ಲಿ ಕೆಟ್ಟ ಕೊಲೆಸ್ಟರಾಲ್ ಹೆಚ್ಚಿಸುವಂಥ ಕೊಬ್ಬು ಅದರಲ್ಲಿ ಬಹಳ ಕಡಿಮೆ. ಮೀನು, ಅಗಸೆ ಬೀಜದಲ್ಲಿ ಇರುವಂಥ ಒಮೇಗಾ ಕೊಬ್ಬು ಸ್ವಲ್ಪ ಇದೆ. ಒಗ್ಗರಣೆ, ಪಲ್ಯ, ಚಪಾತಿ ಎಲ್ಲಕ್ಕೂ ಬರುತ್ತದೆ, ಶಾಖ ತಡೆಯುತ್ತದೆ. ಕರಿದು ಉಳಿದದ್ದನ್ನು ಮತ್ತೆ ಮತ್ತೆ ಕಾಯಿಸಬೇಡಿ. "ಮತ್ತೊಂದು ಮಾತು ಅಂಕಲ್. ಒಳ್ಳೇ ಎಣ್ಣಿ ಅಂತ ಸುರೀಬ್ಯಾಡ್ರಿ. ಯಾವ ಎಣ್ಣಿ ಆದ್ರೂ ಬೊಜ್ಜು ಅಷ್ಟೇ ಬರತೈತಿ. ದಿನಕ್ಕ ಒಬ್ಬರಿಗೆ ಮೂರ್ನಾಲ್ಕು ಚಮಚ, ಅದೂ ಟೀ ಚಮಚ." ಎರಡು ಹನಿ ಸಾಕ್ರಪಾ, ಸ್ನಾನ ಮಾಡಸಬ್ಯಾಡ್ರಿ ಎಂದು ಯಾರೋ ನನಗೇ ಹೇಳಿದಂತಾಯಿತು.

ಬಾಟಲಿ ಮನೆಗೆ ಬಂದ ದಿನ ಶನಿವಾರ. ಶನಿವಾರ ಎಣ್ಣೆಯನ್ನು ಮನೆಯೊಳಗೆ ತರಬಾರದೆಂಬುದು ಅವ್ವನ ಹುಟ್ಟಾ ನೇಮ. ಮೊಬೈಲಿನಲ್ಲಿ ತರಿಸಿದರೆ ವಾರ ನೋಡಿಕೊಂಡು ಬರುತ್ತದೆಯೇ? ಬಾಗಿಲಿಗೆ ಬಂದದ್ದನ್ನು ಗಿರಿಜಾ ಹೊಸಿಲ ಹೊರಗೆ, ನನ್ನ ಚಪ್ಪಲಿಗಳ ಪಕ್ಕ ಇಟ್ಟಳು. ಭಾನುವಾರ ಬೆಳಿಗ್ಗೆ ಒಳಗೆ ತಂದು ಅವ್ವನ ಕೈಗೆ ಕೊಟ್ಟಳು. ಅವ್ವ ಮುಚ್ಚಳ ತೆಗೆದು ಮೂಗಿಗೆ ಹಿಡಿದಳು. ಮತ್ತೊಮ್ಮೆ ಹಿಡಿದಳು. ಅಂಗೈಗೆ ಹನಿ ಹಾಕಿಕೊಂಡು ಉಜ್ಜಿ ನೋಡಿದಳು.

"ಗಿರಿಜಾ, ಇದು ಯಾವ ಕಾಳಿಂದು?"

"ಸಾಸಿವಿ ಕುಲದ್ದಂತ್ರಿ ಅತ್ತೀ. ಪರದೇಶದ್ದು. ಎದಿಗೆ ಒಗ್ಗದ್ದು ಏನೋ ಮೊದಲು ಇತ್ತಂತ. ತಳಿ ತಿದ್ದಿ ತಿದ್ದಿ ಅದನ್ನ ಬಹಳ ಕಡಿಮಿ ಮಾಡ್ಯಾರಂತ."

"ಸಾಸಿವಿ ಕುಲದಾಕಿ ಅಂದ್ರ ಮೂಗಿಗೆ ಹೊಡೀಬೇಕಲ್ಲವಾ! ಇದಕ್ಕ ವಾಸನೀನ ಇಲ್ಲ."

"ಶುದ್ಧ ಮಾಡೂವಾಗ ತಗದುಬಿಡ್ತಾರ್ರಿ."

ಅವ್ವ ಬಾಟಲಿಯ ಮುಚ್ಚಳ ಹಾಕಿದಳು. "ಆತು ಬಿಡು. ಬಾಯಿ ಇಲ್ಲದ ಸೊಸಿ ಬಂದ್ಲು ಅನಕೋತೀನಿ. ನೀನಂತೂ ಹಂಗ ಬರಲಿಲ್ಲ." ಇಬ್ಬರೂ ನಕ್ಕರು.

ಸತ್ಯ ಹೇಳಬೇಕೆಂದರೆ ಎಣ್ಣೆ ಚೆನ್ನಾಗಿಯೇ ಇತ್ತು. ಚಪಾತಿ ಹಿಟ್ಟಿಗೆ ಒಂದು ಚಮಚ ಕಲಸಿದರೆ ಸಂಜೆಯವರೆಗೆ ಮೆತ್ತಗಿರುತ್ತಿತ್ತು. ಹೆಸರುಬೇಳೆ ಕೋಸಂಬರಿಗೆ ಹಾಕಿದರೆ ಸೌತೆಕಾಯಿ ಸೌತೆಕಾಯಿಯಂತೆ, ನಿಂಬೆ ನಿಂಬೆಯಂತೆ ಉಳಿಯುತ್ತಿದ್ದವು, ಎಣ್ಣೆ ನಡುವೆ ಬಾಯಿ ಹಾಕುತ್ತಿರಲಿಲ್ಲ. ದೋಸೆ ಕಾವಲಿಗೂ ಸರಿ. ಖಾರದಪುಡಿ ಕಲಸಿಕೊಂಡು ರೊಟ್ಟಿಗೆ ಹಚ್ಚಿದಾಗ ಮಾತ್ರ ಮೋಸ ಹೋದಂತಾಗುತ್ತಿತ್ತು. ಖಾರ ಒಂಟಿಯಾಗಿ ಬಂದು ನಾಲಿಗೆಗೆ ಹೊಡೆದು ಹೋಗುತ್ತಿತ್ತು. ಅಷ್ಟು ಸಹಿಸಬಹುದು ಎಂದುಕೊಂಡೆ. ಹೊಸ ಎಣ್ಣೆಯ ಅಳತೆ ತಿಳಿಯಲೆಂದು ಮೊದಲ ಮೂರು ದಿನ ಒಗ್ಗರಣೆಯನ್ನೂ ಗಿರಿಜಾಳೇ ಹಾಕಿದ್ದಳು. ಹಾಗಾಗಿ ಮುಂದಾಗುವುದು ನಮಗೆ ಯಾರಿಗೂ ಹೊಳೆಯಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ. ಅದಿಲ್ಲದೆ ಬಳ್ಳಾರಿಯ ಬೆಳಗು ಬೆಳಗಲ್ಲ. ಗಿರಿಜಾ ಮಂಡಕ್ಕಿ ನೆನೆಹಾಕಿ ಹಿತ್ತಲಿಗೆ ಹೋಗಿದ್ದಳು. ಅವ್ವ ಬಾಣಲೆ ಇಟ್ಟು, ಎಣ್ಣೆ ಹಾಕಿ, ಕೈಯಲ್ಲಿ ಸಾಸಿವೆ ಹಿಡಿದು ನಿಂತಳು. ಅರವತ್ತು ವರ್ಷದ ರೂಢಿಯಂತೆ ವಾಸನೆಗಾಗಿ ಕಾದಳು. ವಾಸನೆ ಬರಲಿಲ್ಲ. ಇನ್ನೂ ಕಾದಿಲ್ಲ ಎಂದು ಉರಿ ಏರಿಸಿದಳು. ಎಣ್ಣೆ ಮಾತ್ರ ಕಾಯುತ್ತಲೇ ಇತ್ತು. ಕಡೆಗೆ ಬಂದದ್ದು ಹೊಗೆಯ ವಾಸನೆ. ಗಾಬರಿಯಿಂದ ಸಾಸಿವೆ, ಮೆಣಸಿನಕಾಯಿ ಒಟ್ಟಿಗೆ ಹಾಕಿದಳು. ಭಗ್ ಎಂದು ಬೆಂಕಿ ಎದ್ದಿತು.

ನಾನು ಓಡಿಹೋಗಿ ಗ್ಯಾಸು ಆರಿಸಿ ಬಾಣಲೆಯ ಮೇಲೆ ತಟ್ಟೆ ಮುಚ್ಚಿದೆ. ಅವ್ವನ ಬೆರಳ ತುದಿಗಳು ಕೆಂಪಾಗಿದ್ದವು, ಸೆರಗಿನ ಅಂಚು ಬೆರಳಷ್ಟು ಕಮರಿತ್ತು. ಅಷ್ಟಕ್ಕೇ ಮುಗಿಯಿತು. ಮೆಣಸಿನಕಾಯಿ ಘಾಟು ಮಾತ್ರ ಬೀದಿಗೆ ಇಳಿಯಿತು. ಎದುರುಮನೆಯ ಸುಬ್ಬಮ್ಮ ಕೆಮ್ಮುತ್ತಲೇ, "ಏಮಯ್ಯಿಂದಿ ಗಿರಿಜಾ, ಏನಾತು? ಮನಿ ಅಂತೂ ಐತಲ್ಲ?" ಎಂದು ಓಡಿಬಂದಳು.

ಗಿರಿಜಾ ಅವ್ವನ ಬೆರಳಿಗೆ ತಣ್ಣೀರು ಹಾಕುತ್ತ ಅಳುತ್ತಿದ್ದಳು. ಆಮೇಲೆ ಕಣ್ಣೊರೆಸಿಕೊಂಡು ಹೇಳಿದಳು: "ಅತ್ತೀ, ಇನ್ನ ನೀವು ಒಲಿ ಮುಂದ ಬರಬ್ಯಾಡ್ರಿ. ನಿಮ್ಮ ಕಾಲು ಹಿಡಕೋತೀನಿ. ಇವತ್ತು ಸೆರಗಿಗೆ ನಿಂತೈತಿ."

ಅವಳದು ತಪ್ಪು ಎನ್ನುವ ಹಾಗಿರಲಿಲ್ಲ. ಅವ್ವನೂ ಎನ್ನಲಿಲ್ಲ. "ಹೂನವಾ," ಎಂದಳು, ಗೋಡೆ ಹಿಡಿದುಕೊಂಡು ಪಡಸಾಲೆಗೆ ಹೋಗಿ ಕೂತಳು.

ಅವತ್ತಿನಿಂದ ನಮ್ಮವ್ವ ಕುರುಡಿಯಾದಳು. ಬೇರೆ ಮಾತು ನನಗೆ ಸಿಗುತ್ತಿಲ್ಲ. ನಾಲ್ಕು ವರ್ಷ ಮನೆ ತುಂಬ ಓಡಾಡಿದವಳು ಬಚ್ಚಲಿಗೆ ಹೋಗಲಿಕ್ಕೂ ಕೈ ಚಾಚತೊಡಗಿದಳು. "ಗಿರಿಜಾ, ಒಂದೀಟು ನೀರು ಕೊಡ್ತೀಯೇನು?" ಎಂದು ನೆಂಟರ ಮನೆಯಲ್ಲಿ ಕೇಳುವಂತೆ ಕೇಳುವಳು. ತಟ್ಟೆಗೆ ಏನು ಬಂದರೂ ಉಣ್ಣುವಳು, ಉಪ್ಪು ಕಡಿಮೆಯಿದ್ದರೂ ಅನ್ನುತ್ತಿರಲಿಲ್ಲ. ಉಪ್ಪಿಗೆ ಜಗಳವಾಡದ ಅವ್ವನನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಗಿರಿಜಾ ಬೇಕೆಂದೇ ಒಂದು ದಿನ ಸಾರಿಗೆ ಹುಳಿ ಹಾಕದೆ ಬಿಟ್ಟಳು, ಬೈಸಿಕೊಳ್ಳೋಣವೆಂದು. ಅವ್ವ ಅದನ್ನೂ ಉಂಡು ತಟ್ಟೆ ಸರಿಸಿದಳು. ಗಿರಿಜಾ ಅಡುಗೆಮನೆಗೆ ಹೋಗಿ ಬಾಗಿಲ ಹಿಂದೆ ನಿಂತಳು.

ಹೀಗೆ ಹತ್ತು ದಿನ ಕಳೆದವು. ನನಗೆ ತಡೆಯಲಾಗಲಿಲ್ಲ. ಯಾರಿಗೂ ಹೇಳದೆ ಕುರುಗೋಡಿಗೆ ಬಸ್ಸು ಹತ್ತಿದೆ. ಈಗ ಎತ್ತು ಇಲ್ಲ, ಮೋಟಾರು ಬಂದಿದೆ. ಆದರೂ ಗಾಣ ಮರದ್ದೇ. ಗಾಣದ ಮಲ್ಲಣ್ಣ ಬಾಲ್ಯದ ಪರಿಚಯ. ಸ್ಟೀಲ್ ಕ್ಯಾನಿಗೆ ಎಣ್ಣೆ ತುಂಬುತ್ತ, "ಎದಿಗೆ ಸ್ಪ್ರಿಂಗು ಹಾಕ್ಯಾರಂತ ಕೇಳಿದ್ದೆ. ಎಣ್ಣಿ ಬಿಡಾಕ ಜೀವ ಒಲ್ಲೆ ಅಂತೈತೇನು ಮಿಸ್ತ್ರಿ?" ಎಂದ.

"ನನಗಲ್ಲೋ ಮಾರಾಯ, ಅವ್ವಗ."

"ಎಲ್ಲಾರೂ ಹಂಗ ಅಂತಾರ," ಎಂದು ಕ್ಯಾನಿನ ಮುಚ್ಚಳ ಬಿಗಿದ.

ವಾಪಸು ಬರುವ ಬಸ್ಸಿನಲ್ಲಿ ಹೆಣ್ಣು ನೋಡಲು ಹೊರಟ ಕುಟುಂಬವೊಂದು ನನ್ನ ಹಿಂದಿನ ಸೀಟಿನಲ್ಲೇ ಕೂರಬೇಕೆ? ಶುಭಕಾರ್ಯಕ್ಕೆ ಹೊರಟವರಿಗೆ ಎಣ್ಣೆ ಎದುರಾಗಬಾರದು. ಎರಡು ನಿಮಿಷಕ್ಕೆ ಅವರ ಅಜ್ಜಿಯ ಮೂಗು ಅರಳಿತು. "ಯಾರಲೇ ಅದು ಎಣ್ಣಿ ತಂದಾವ್ರು? ಹೆಣ್ಣು ನೋಡಾಕ ಹೊಂಟೀವಿ ನಾವು!" ನಾನು ಕಾಲಿನಿಂದ ಕ್ಯಾನನ್ನು ಸೀಟಿನ ಕೆಳಗೆ ಒತ್ತಿ, ಎಲ್ಲರಂತೆ ನಾನೂ ಹಿಂದಕ್ಕೆ ತಿರುಗಿ ಯಾರಿರಬಹುದೆಂದು ಹುಡುಕಿದೆ. ಅಜ್ಜಿ ಮೋಸ ಹೋಗುವ ಪೈಕಿಯಲ್ಲ. ನನ್ನ ಕಾಲನ್ನೇ ನೋಡುತ್ತಿದ್ದಳು. "ಮಷಿನ್ ಎಣ್ಣಿ ಅಜ್ಜೀ, ಹೊಲಿಗಿ ಮಷಿನಿಂದು," ಎಂದೆ. "ನಿಮ್ಮೂರಾಗ ಮಷಿನುಗಳು ಒಗ್ಗರಣಿ ಹಾಕ್ತಾವೇನು?" ಎಂದಳು ಅಜ್ಜಿ. ಬಸ್ಸೆಲ್ಲ ನಕ್ಕಿತು. ಆ ಹುಡುಗನಿಗೆ ಆ ಹೆಣ್ಣು ಒಪ್ಪಿಗೆಯಾಯಿತೋ ಇಲ್ಲವೋ, ಇವತ್ತಿಗೂ ನನಗೊಂದು ಅಳುಕು.

ಮನೆಯಲ್ಲಿ ಕ್ಯಾನು ಕೆಳಗಿಡುವ ಮೊದಲೇ ಪಡಸಾಲೆಯಿಂದ ಅವ್ವನ ದನಿ ಬಂತು.

"ಕುರುಗೋಡಿಗೆ ಹೋಗಿದ್ದೆಲ್ಲ?"

"ಹೂನವ್ವಾ. ನಿನಗಂತ ತಂದೀನಿ. ನಾಳಿಂದ ನೀನ ಒಗ್ಗರಣಿ ಹಾಕು."

ಅವ್ವ ಕ್ಯಾನನ್ನು ಎಳೆದುಕೊಂಡು ಮುಚ್ಚಳ ತೆಗೆದಳು. ಮುಖದ ಮೇಲೆ ಹತ್ತು ದಿನದಿಂದ ಇಲ್ಲದ ಬೆಳಕು ಬಂತು. ಬಹಳ ಹೊತ್ತು ಹಾಗೇ ಹಿಡಿದುಕೊಂಡಿದ್ದು, ನಿಧಾನವಾಗಿ ಮುಚ್ಚಿದಳು.

"ಗುಡಿಗೆ ಕೊಟ್ಟು ಬಾ. ದೀಪಕ್ಕಾಗ್ತೈತಿ."

"ಅತ್ತೀ, ಸ್ವಲ್ಪ ಹಾಕಿದ್ರ ನಡೀತೈತಂತ್ರಿ. ಆ ಹುಡುಗೀನ ಹೇಳ್ಯಾಳ," ಎಂದಳು ಗಿರಿಜಾ. ಅವಳ ಕಣ್ಣಲ್ಲೂ ನೀರಿತ್ತು.

"ಸ್ವಲ್ಪ ಹಾಕೂ ಕೈ ಅಲ್ಲವಾ ಇದು. ಈ ವಾಸನಿ ಬಂದ್ರ ನನ್ನ ಕೈ ನನ್ನ ಮಾತು ಕೇಳೂದಿಲ್ಲ. ಇವನ ಎದಿಗೆ ಜಿಡ್ಡು ಕಟ್ಟಿಸಿದ್ದ ಈ ಕೈ." ನನ್ನ ಕಡೆ ತಿರುಗಿ, "ನನ್ನ ಮೂಗಿನ ಸಲುವಾಗಿ ನಿನ್ನ ಎದಿ ಮತ್ತ ಕೆಡಸ್ಲೇನಲೇ? ತಗೊಂಡು ಹೋಗು," ಎಂದಳು.

ತೆಗೆದುಕೊಂಡು ಹೋದೆ. ಗುಡಿಯ ಪೂಜಾರಿ ಕ್ಯಾನನ್ನು ಮೂಸಿ ನೋಡಿ, ಇದು ದೀಪಕ್ಕೆ ಹಾಕುವ ಎಣ್ಣೆಯಲ್ಲ ಎಂಬಂತೆ ನನ್ನನ್ನು ನೋಡಿದ. ಅದರಲ್ಲಿ ದೇವರಿಗೆಷ್ಟು ಮುಟ್ಟಿತೋ ನಾನು ವಿಚಾರಿಸಲಿಲ್ಲ.

ಮರುದಿನ ಬೆಳಿಗ್ಗೆ ಗಿರಿಜಾ ಮಂಡಕ್ಕಿ ನೆನೆಹಾಕುತ್ತಿದ್ದಾಗ ಅವ್ವ ಗೋಡೆ ಹಿಡಿದುಕೊಂಡು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಒಳಗೆ ಕಾಲಿಡಲಿಲ್ಲ.

"ಗಿರಿಜಾ, ನನ್ನ ಬಾಜೂ ನಿಂದ್ರು. ಒಂದ ಒಂದು ಸಲ. ಹೆಚ್ಚುಕಡಿಮಿ ಆತು ಅಂದ್ರ ನೀನ ಗ್ಯಾಸು ಬಂದ್ ಮಾಡು, ಮತ್ತ ಯಾವತ್ತೂ ಕೇಳೂದಿಲ್ಲ."

ಗಿರಿಜಾ ನನ್ನನ್ನು ನೋಡಿದಳು. ಅವಳೇ ಅವ್ವನ ಕೈ ಹಿಡಿದು ಒಲೆಯ ಮುಂದೆ ನಿಲ್ಲಿಸಿದಳು. ತನ್ನ ಇನ್ನೊಂದು ಕೈಯನ್ನು ಗ್ಯಾಸಿನ ಗುಂಡಿಯ ಮೇಲೆ ಇಟ್ಟುಕೊಂಡಳು.

ಅವ್ವ ಕ್ಯಾನೋಲಾ ಎಣ್ಣೆಯನ್ನು ಚಮಚದಲ್ಲಿ ಬೆರಳಿಟ್ಟು ಅಳೆದು ಹಾಕಿದಳು. ಆಮೇಲೆ ಶೇಂಗಾ ಡಬ್ಬಿ ತಡಕಿ ಒಂದೇ ಒಂದು ಕಾಳು ತೆಗೆದು, ತಣ್ಣನೆಯ ಎಣ್ಣೆಗೆ ಬಿಟ್ಟಳು. ಸಣ್ಣ ಉರಿ ಹಚ್ಚಿಸಿದಳು. ಮೂವರೂ ಬಾಣಲೆಯ ಕಡೆ ಮೂಗು ಚಾಚಿ ನಿಂತೆವು. ಕಾಳಿನ ಸುತ್ತ ಸಣ್ಣ ಗುಳ್ಳೆ ಎದ್ದು ಚುರುಚುರು ಎಂದಿತು. ಅವ್ವ ಕದಲಲಿಲ್ಲ. ಗಿರಿಜಾಳ ಬೆರಳುಗಳು ಗುಂಡಿಯ ಮೇಲೆ ಬಿಗಿಯಾದವು. ಆಗ, ಮೆಲ್ಲಗೆ, ಹುರಿದ ಶೇಂಗಾದ ಎಳೆ ವಾಸನೆ ಬಂತು. ನನ್ನ ಮೂಗಿಗೆ ಅದು ಮುಟ್ಟುವಷ್ಟರಲ್ಲಿ ಅವ್ವ ಸಾಸಿವೆ ಹಾಕಿಯಾಗಿತ್ತು.

ಸಾಸಿವೆ ಚಟಪಟ ಸಿಡಿಯಿತು. ಒಂದೂ ಕಪ್ಪಾಗಲಿಲ್ಲ. ಅವ್ವ ಉರಿ ಆರಿಸಲು ಹೇಳಿ, ಸೌಟಿನಲ್ಲಿ ತಡಕಿ ಆ ಕಾಳನ್ನು ಮೇಲೆತ್ತಿ, ಗಿರಿಜಾಳ ಅಂಗೈಗೆ ಹಾಕಿದಳು.

"ನೋಡವಾ. ಹೊತ್ತೈತೇನು? ಖರೇ ಹೇಳು."

ಗಿರಿಜಾ ಕಾಳನ್ನು ಊದಿ, ಅರ್ಧಕ್ಕೆ ಕಚ್ಚಿ, ಒಳಗಿನ ಬಣ್ಣ ನೋಡಿದಳು. ಉಳಿದರ್ಧವನ್ನೂ ಬಾಯಿಗೆ ಹಾಕಿಕೊಂಡಳು. ತೀರ್ಪು ಕೇಳಲು ನಿಂತವಳಂತೆ ಅವ್ವ ಮುಖ ಎತ್ತಿಕೊಂಡಿದ್ದಳು.

"ಹದಾ ಐತ್ರಿ ಅತ್ತೀ," ಎಂದಳು ಗಿರಿಜಾ. ಗ್ಯಾಸಿನ ಗುಂಡಿಯಿಂದ ಕೈ ತೆಗೆದು ಒಂದು ಹೆಜ್ಜೆ ಹಿಂದೆ ಸರಿದಳು. "ನಾಳಿಗೆ ಏನು ಮಾಡೂಣ್ರಿ?"

"ನಾಳಿಂದು ನಾಳಿಗೆ," ಎಂದಳು ಅವ್ವ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ. "ಮೊದ್ಲ ಆ ಮಂಡಕ್ಕಿ ಹಿಂಡಿಕೊಡು. ಎಷ್ಟೊತ್ತು ನೆನೀಬೇಕದು? ಇಷ್ಟು ದಿನ ಹಿಂಗ ಗಂಜಿ ಮಾಡಿ ತಿನಸಿದಿ, ಬಾಯಿ ಮುಚಗೊಂಡು ತಿಂದೀನಿ."